ಬೀದಿ ಮುಟ್ಟದ ಚಪ್ಪಲಿ

ಹೊಸಿಲ ಆಚೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಮತ್ತೆ ಅದನ್ನು ಮೆಟ್ಟುವುದು ಸಂಜೆಗೇ. ನಡುವೆ ಇರುವುದೆಲ್ಲ ಕಲ್ಲು. ಮಧುಗಿರಿಯಲ್ಲಿ ಕಲ್ಲಿಗೆ ಬರವಿಲ್ಲ. ಊರಿನ ಅಂಚಿನಲ್ಲಿದ್ದ ನಮ್ಮ ಬಿತ್ತನೆ ಕೋಠಿಯ ನೆಲಕ್ಕೂ ಗೋಡೆಯ ಕೆಳಭಾಗಕ್ಕೂ ಅದೇ ಚಪ್ಪಡಿ. ತೊಳೆಯಲು ಅದಕ್ಕಿಂತ ಒಳ್ಳೆಯ ನೆಲವಿಲ್ಲ. ನಿಲ್ಲಲು ಅದಕ್ಕಿಂತ ಕೆಟ್ಟದ್ದೂ ಇಲ್ಲ.

ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಜಾಗವನ್ನು ಬಿತ್ತನೆ ಕೋಠಿ ಎನ್ನುತ್ತಾರೆ. ಇದು ಖಾಸಗಿಯವರದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊರಟಗೆರೆ, ಸಿರಾ, ಪಾವಗಡದ ಕಡೆಯೆಲ್ಲ ಹೊಸದಾಗಿ ಹಿಪ್ಪುನೇರಳೆ ಹಾಕುತ್ತಿದ್ದರು. ಮೊಟ್ಟೆಗೆ ಬೇಡಿಕೆ ಇತ್ತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನನ್ನನ್ನು ತಾಯಿಚಿಟ್ಟೆಗಳ ಪರೀಕ್ಷೆಗೆಂದು ತೆಗೆದುಕೊಂಡಿದ್ದರು. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ; ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಡಬೇಕು. ಕೂತು ಮಾಡುವ ಕೆಲಸವೆಂದು ನಾನು ತಿಳಿದಿದ್ದೆ. ಕೂರುವುದು ಅದರ ಒಂದು ಸಣ್ಣ ಭಾಗ ಎಂದು ಬಂದ ಮೇಲೆ ಗೊತ್ತಾಯಿತು.

ಚಿಟ್ಟೆ ಗೂಡೊಡೆದು ಬರುವುದು ಬೆಳಕು ಹರಿಯುವ ಹೊತ್ತಿಗೆ. ಅಷ್ಟರೊಳಗೆ ನಾವು ಒಳಗಿರಬೇಕು. ಗಂಡುಹೆಣ್ಣು ಬೇರ್ಪಡಿಸಿ ತಟ್ಟೆಗಳಲ್ಲಿ ಜೋಡಿಗೆ ಬಿಡುತ್ತೇವೆ. ಕಿಟಕಿಗೆ ಕಪ್ಪು ಬಟ್ಟೆ, ಮಾತು ಕಡಿಮೆ. ಬಿಸಿಲೇರಿದ ಮೇಲೆ ಜೋಡಿ ಬಿಡಿಸಬೇಕು: ಗಂಡನ್ನು ಮೆಲ್ಲನೆ ಪಕ್ಕಕ್ಕೆ ತಿರುಗಿಸಿದರೆ ತಾನಾಗಿ ಕಳಚಿಕೊಳ್ಳುತ್ತದೆ, ಎಳೆದರೆ ಹೆಣ್ಣು ಹಾಳು. ಬಿಡಿಸಿದ ಹೆಣ್ಣುಗಳನ್ನು ತಟ್ಟಿ ಉಚ್ಚೆ ಹೊಯ್ಯಿಸಿ, ಒಂದೊಂದನ್ನೇ ಹಾಳೆಯ ಮೇಲಿಟ್ಟು ಕಪ್ಪು ಆಲಿಕೆ ಮುಚ್ಚಬೇಕು. ಮೇಜಿನಿಂದ ಅಟ್ಟಣಿಗೆಗೆ, ಅಟ್ಟಣಿಗೆಯಿಂದ ಮೇಜಿಗೆ. ಎಲ್ಲವೂ ನಿಂತೇ. ನೆಲವನ್ನು ಫಾರ್ಮಲಿನ್ ಹಾಕಿ ತೊಳೆದಿರುತ್ತಾರೆ, ಮೇಲೆ ಚಿಟ್ಟೆಯ ರೆಕ್ಕೆಯ ಬೂದಿಯಂಥ ಪುಡಿ ಬಿದ್ದಿರುತ್ತದೆ. ಒಂದು ಕಂತಿನ ಗೂಡು ಪೂರ್ತಿ ಒಡೆಯುವವರೆಗೆ ದಿನವೂ ಹೀಗೆ.

ನಾನು ಬರುವ ಮೊದಲು ಹೆಂಗಸರು ಮೇಜಿನ ಕೆಳಗೆ ಗೋಣಿತಾಟು ಮಡಿಸಿ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ಗೋಣಿಯ ನೂಲಿನೊಳಗೆ ರೆಕ್ಕೆಯ ಪುಡಿ ಸೇರುತ್ತದೆ, ಪುಡಿಯ ಜೊತೆ ರೋಗಾಣು. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೊದಲ ವಾರವೇ ಗೋಣಿಗಳನ್ನೆಲ್ಲ ಹೊರಗೆ ಹಾಕಿಸಿದೆ. ಅದು ಸರಿಯಾದ ಕೆಲಸವೇ. ಆದರೆ ಆವತ್ತಿನಿಂದ ಎಲ್ಲರೂ ಬರಿಗಲ್ಲಿನ ಮೇಲಾದರು, ನಾನೂ ಸೇರಿ. ಯಾರೂ ಎದುರು ಮಾತಾಡಲಿಲ್ಲ. ಪಾವಗಡದ ಕಡೆಯಿಂದ ಬಂದಿದ್ದ ಹುಡುಗಿಯೊಬ್ಬಳು ಮಾತ್ರ ಗೋಣಿ ಹೊರಗೆ ಎಸೆಯುತ್ತ, “ಪೋತೇ ಪೋನಿ, ನಮ್ ಕಾಲೇನ್ ಬಂಗಾರವಾ?” ಎಂದಳು. ಹೋದರೆ ಹೋಗಲಿ ಎಂದು ಅರ್ಥ.

ಮೂರನೆಯ ಕಂತು ಮುಗಿಯುವ ಹೊತ್ತಿಗೆ ನನ್ನ ಬಲಗಾಲಿನ ಹಿಮ್ಮಡಿ ಕೆಟ್ಟಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆಯ ಮೇಲೆ ಕಾಲಿಟ್ಟ ಹಾಗೆ. ನಾಲ್ಕಾರು ಹೆಜ್ಜೆಗೆ ಸಡಿಲವಾಗುತ್ತಿತ್ತು, ಮಧ್ಯಾಹ್ನಕ್ಕೆ ಮತ್ತೆ ಬರುತ್ತಿತ್ತು, ಸಂಜೆಗೆ ಮೀನಖಂಡದವರೆಗೆ ಏರುತ್ತಿತ್ತು. ಭಾರವನ್ನೆಲ್ಲ ಎಡಗಾಲಿಗೆ ಹಾಕಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಪಾವಗಡದ ಹುಡುಗಿ ಅದನ್ನೂ ಗಮನಿಸಿದಳು.

“ನೋಡ್ರೇ, ಮೇಡಂ ಕೊಂಗ ತರ ನಿಂತವ್ರೆ.” ಕೊಂಗ ಎಂದರೆ ಕೊಕ್ಕರೆ. ಎಲ್ಲರೂ ನಕ್ಕರು. ನಾನೂ ನಕ್ಕು ಎರಡೂ ಕಾಲು ಊರಿದೆ.

ಡಾಕ್ಟರು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ, ನಾನು ಹಲ್ಲು ಕಚ್ಚಿದ್ದನ್ನು ನೋಡಿ, “ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲೋದು ಬಿಡಬೇಕು. ಇಲ್ಲ ಕೆಲಸ ಬಿಡಬೇಕು” ಎಂದರು. ಮಾತ್ರೆ ಬರೆದುಕೊಟ್ಟರು. ತುಮಕೂರಿನಲ್ಲಿದ್ದ ಅಮ್ಮನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಮುಂದಿನ ಬಸ್ಸಿಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಓದಿದ್ದು ಸಾಕು, ದುಡಿದದ್ದೂ ಸಾಕು ಎಂಬ ಮಾತು ಮನೆಯಲ್ಲಿ ಆಗಲೇ ಸಿದ್ಧವಾಗಿತ್ತು; ಅದಕ್ಕೊಂದು ನೆಪ ಬೇಕಿತ್ತಷ್ಟೆ. ಆ ನೆಪ ನನ್ನ ಹಿಮ್ಮಡಿಯಾಗುವುದು ನನಗೆ ಬೇಕಿರಲಿಲ್ಲ.

ಯಜಮಾನರಿಗೆ ಹೇಳಲೇಬೇಕಾಯಿತು. ಅವರು ಕೆಟ್ಟವರಲ್ಲ, ಅವಸರದವರು.

“ನಿಲ್ಲೋಕಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡೀಮ್ಮ, ಬೇರೆ ಯಾರನ್ನಾದ್ರೂ ನೋಡ್ತೀನಿ. ಕಂತಿನ ಮಧ್ಯೆ ಕೈಬಿಟ್ರೆ ನನ್ ಲೈಸೆನ್ಸಿಗೇ ಕುತ್ತು.”

“ನಿಲ್ತೀನಿ ಸಾರ್. ಕಾಲಿಗೆ ಏನಾದರೂ ಹಾಕ್ಕೊಂಡು ನಿಲ್ಲೋಕೆ ಒಪ್ಪಿಗೆ ಕೊಡಿ.”

“ನಂದೇನಿದೆ? ದೊಡ್ಡಮ್ಮನ್ನ ಕೇಳಿ. ಅವ್ಳು ಬರಲ್ಲ ಅಂದ್ರೆ ಒಬ್ಳೂ ಬರಲ್ಲ.”

ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದದ್ದು ಹೆಂಗಸರಲ್ಲಿ ಹಿರಿಯಳನ್ನು. ಸಿರಾ ರಸ್ತೆಯ ಕಡೆಯ ಕುರಿಗಾರರ ಹಟ್ಟಿಯವಳು. ಜೋಡಿ ಬಿಡಿಸುವುದರಲ್ಲಿ ಅವಳ ಬೆರಳಿಗೆ ಸಮನಿಲ್ಲ. ಅವಳ ಹಿಮ್ಮಡಿಯ ಬಿರುಕುಗಳಲ್ಲಿ ಕಾಸು ನಿಲ್ಲಿಸಬಹುದಿತ್ತು. ಫಾರ್ಮಲಿನ್ ನೀರು ಸೇರಿದಾಗ ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಹರಳೆಣ್ಣೆಯಲ್ಲಿ ಮೇಣ ಕಾಸಿ ತುಂಬಿಕೊಂಡು ಬರುತ್ತಿದ್ದಳು.

ನಾನು ಕೇಳಿದಾಗ ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

“ನಮ್ ಹಟ್ಟೀಲಿ ಕುರಿ ರೊಪ್ಪದೊಳಕ್ಕೇ ಮೆಟ್ಟು ಹಾಕ್ಕಂಡು ಹೋಗಾಕಿಲ್ಲ ಮೇಡಮ್ಮೋರೆ. ಕುರಿಗೇ ಅಷ್ಟು ಮಾಡ್ತೀವಿ. ಇದು ಬಾಣಂತಿ ಮನೆ. ಇಲ್ಲಿ ಎಕ್ಕಡ ಹಾಕ್ಕಂಡು ಓಡಾಡಿ ಅಂತೀರಾ?”

ಗೋಣಿ ತೆಗೆಸಿದ್ದು ನನ್ನ ನಿಯಮ, ಚಪ್ಪಲಿ ಬಿಡಿಸಿದ್ದು ಅವಳದು. ನನ್ನದಕ್ಕೆ ಅವಳು ತಲೆಬಾಗಿದ್ದಳು. ಹಾಗಾಗಿ ನಾನು ವಾದಿಸಲಿಲ್ಲ. ಮೊದಲು ಎಂಥ ಚಪ್ಪಲಿ ಬೇಕು ಎಂದಾದರೂ ತಿಳಿದುಕೊಳ್ಳೋಣ ಎನ್ನಿಸಿತು.

ಗೂಡು ಇಳಿಸಿಕೊಳ್ಳುವ ಹೊರಜಗಲಿಗೂ ಅದೇ ಕಲ್ಲು. ಅಲ್ಲಿ ಚಪ್ಪಲಿ ಹಾಕಲು ತಡೆಯಿರಲಿಲ್ಲ. ಗೂಡು ಬಂದ ದಿನಗಳಲ್ಲಿ ಅಲ್ಲಿ ನಿಂತು ಒಂದೊಂದನ್ನೇ ಪರೀಕ್ಷಿಸಿದೆ. ಹವಾಯಿ ಚಪ್ಪಲಿ ಮೊದಲ ಗಂಟೆ ಸುಖ. ಆಮೇಲೆ ಅದರ ಹಿಮ್ಮಡಿ ಕುಗ್ಗಿ ಕಲ್ಲು ಮತ್ತೆ ತಾಗುತ್ತದೆ. ಜಾರದಿರಲೆಂದು ಬೆರಳುಗಳು ಪಟ್ಟಿಯನ್ನು ಹಿಡಿದೇ ಇರಬೇಕು, ಆ ಹಿಡಿತದಿಂದ ಪಾದದ ನಡುವೆ ನೋವು. ಅದಕ್ಕಿಂತ ಮುಖ್ಯ, ಹಿಂದೆ ಕಟ್ಟಿಲ್ಲದ್ದರಿಂದ ಹೆಜ್ಜೆ ಹೆಜ್ಜೆಗೂ ಪಟಪಟ ಬಡಿದು ನೆಲದ ನೀರನ್ನೂ ಪುಡಿಯನ್ನೂ ಸೀರೆಗೆ ಎರಚುತ್ತದೆ. ಚಿಟ್ಟೆ ಕೋಣೆಯಲ್ಲಿ ಅದು ಗೋಣಿಗಿಂತ ಅಪಾಯ. ಕ್ಯಾನ್ವಾಸ್ ಶೂ ಕಾಲಿಗೆ ಹಿತವಾಗಿತ್ತು, ಆದರೆ ಒಮ್ಮೆ ನೆನೆದರೆ ಮಾರನೆಯ ದಿನಕ್ಕೂ ಒಣಗದು. ಪ್ಲಾಸ್ಟಿಕ್ ಸ್ಯಾಂಡಲ್ ತೊಳೆಯಲು ಸುಲಭ. ಮಧ್ಯಾಹ್ನಕ್ಕೆ ಬೆವರಿ ಕಿರುಬೆರಳಿನ ಪಕ್ಕ ಬೊಬ್ಬೆ ಎಬ್ಬಿಸಿತು. ತೊಗಲಿನದನ್ನು ಫಾರ್ಮಲಿನ್ ಸೌದೆ ಮಾಡಿಬಿಡುತ್ತದೆ. ಲಾರಿ ಟೈರಿನ ಅಟ್ಟೆಯ ಚಪ್ಪಲಿ ಸವೆಯುವುದಿಲ್ಲ, ಬಗ್ಗುವುದೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಹೊಳೆದದ್ದು ಸಣ್ಣ ವಿಷಯ. ಅಂಗಡಿಯ ಚಪ್ಪಲಿಗಳೆಲ್ಲ ನಡೆಯುವ ಕಾಲಿಗೆ ಮಾಡಿದವು. ನಡೆಯುವ ಕಾಲು ನೆಲವನ್ನು ಮುಟ್ಟಿ ಬಿಡುತ್ತದೆ. ನಿಲ್ಲುವ ಕಾಲಿಗೆ ಬಿಡುವು ಎಂಬುದಿಲ್ಲ. ಅದಕ್ಕೆ ಕುಗ್ಗದ ತಳ ಬೇಕು, ಅದರ ಮೇಲೆ ಮೆತ್ತನೆಯದೊಂದು ಪದರ ಬೇಕು, ಹಿಮ್ಮಡಿಗೆ ಒಂದಿಷ್ಟು ಹಳ್ಳ, ಬೆರಳಿಗೆ ಅಗಲ. ಬೆಳಿಗ್ಗೆ ಸರಿಯಾಗಿದ್ದ ಪಟ್ಟಿ ಸಂಜೆ ಕಾಲು ಬಾತಾಗ ಕೊರೆಯುತ್ತದೆ, ಆದ್ದರಿಂದ ಬಕಲ್ ಬೇಕು. ಹಿಂದೆ ಕಟ್ಟು ಬೇಕು. ಅದ್ದಿ ತೆಗೆದರೆ ಒಣಗಬೇಕು. ಅಂಥದ್ದು ಅಂಗಡಿಯಲ್ಲಿ ಇರಲಿಲ್ಲ.

ಮತ್ತೆ ದೊಡ್ಡಮ್ಮನ ಹತ್ತಿರ ಹೋದೆ. ಅವಳು ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದಳು.

“ದೊಡ್ಡಮ್ಮ, ಎಕ್ಕಡ ಯಾಕೆ ಬೇಡ?”

“ಬೀದಿ ತುಳಿದಿರ್ತದಲ್ಲ. ಕಂಡೋರ ಉಗುಳು, ಕೊಳೆ, ಸಾವಿನ ಮನೆ ದಾರಿ. ಅದನ್ನ ತಂದು ಇಲ್ಲಿಕ್ಕಾದಾ?”

“ಬೀದೀನೇ ಮುಟ್ಟದ್ದಾದರೆ? ಇಲ್ಲೇ ಮೊದಲ ಸಲ ಹಾಕ್ಕೊಂಡು, ಇಲ್ಲೇ ಬಿಟ್ಟು ಹೋಗೋದಾದರೆ? ತೊಗಲೂ ಇಲ್ಲ, ಬರೀ ರಬ್ಬರು.”

ಅವಳು ಇನ್ನೊಂದು ಎಲೆಗೆ ಸುಣ್ಣ ಸವರಿದಳು. ಪಕ್ಕದಲ್ಲಿದ್ದ ಪಾವಗಡದ ಹುಡುಗಿ, “ಬೀದಿ ತುಳೀದೆ ಇರೋ ಎಕ್ಕಡಾನ ತೊಟ್ಲಾಗೆ ಮಲಗಿಸ್ಬೇಕಷ್ಟೆ” ಎಂದಳು.

“ನೀ ಸುಮ್ಕಿರ್ಲೇ.” ದೊಡ್ಡಮ್ಮ ನನ್ನ ಕಡೆ ತಿರುಗಿದಳು. “ಒಂದ್ ಸಾರಿನೂ ಬೀದಿ ಮುಟ್ಟಿರಬಾರ್ದು. ನಾನೇನ್ ಹಿಂದೆ ಬಂದು ಕಾಯಾಕಾಗ್ತದಾ? ನಿಮ್ ಮಾತಿನ್ ಮೇಲೆ ಬುಡ್ತೀನಿ.”

ಕೊರಟಗೆರೆ ಬಸ್ ನಿಲ್ದಾಣದ ಪಕ್ಕ, ಬೇವಿನ ಮರದಡಿ ಗಂಡಹೆಂಡತಿ ಕೂತು ಚಪ್ಪಲಿ ಹೊಲಿಯುತ್ತಿದ್ದರು. ಊರಿಗೆ ಹೋಗುವ ಭಾನುವಾರ ಅಲ್ಲಿ ಇಳಿದೆ. ಹೇಳಿದ್ದನ್ನು ಅವರು ಕೆಲಸ ಮಾಡುತ್ತಲೇ ಕೇಳಿದರು.

“ನಿಲ್ಲಾಕೆ ಚಪ್ಲೀನಾ? ಎಲ್ರೂ ನಡಿಯಾಕೆ ಕೇಳ್ತಾರೆ ಅಕ್ಕಾರೆ” ಎಂದ ಗಂಡ. “ಕೂರಾಕೂ ಒಂದ್ ಜೊತೆ ಹೊಲಿದುಕೊಡು, ನಾ ಹಾಕ್ಕಂತೀನಿ” ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

ಕಾಲು ಬಾತಿರುವಾಗಲೇ ಅಳತೆ ತೆಗೆದುಕೊಳ್ಳಿ ಎಂದು ಹಿಂದಿರುಗುವ ಸಂಜೆ ಮತ್ತೆ ಇಳಿದು ಪಾದ ಕೊಟ್ಟೆ. ಹೆಂಡತಿ ಹಾಳೆಯ ಮೇಲೆ ಸುತ್ತಲೂ ಗೆರೆ ಎಳೆದಳು. ತಳಕ್ಕೆ ಕಾರಿನ ಟೈರು, ಲಾರಿಯದಲ್ಲ; ಮೇಲೆ ಹವಾಯಿ ಚಪ್ಪಲಿಯ ದಪ್ಪ ರಬ್ಬರ್ ಹಾಳೆ, ಹಿಮ್ಮಡಿಯಲ್ಲಿ ಕೆತ್ತಿ ಹಳ್ಳ ಮಾಡಿದ್ದು; ಪಟ್ಟಿಗೆ ಟ್ಯೂಬು. ಒಳ್ಳೆಯ ಟ್ಯೂಬು ಸಿರಾದ ಪಂಕ್ಚರ್ ಅಂಗಡಿಯ ಸಾಬರಿಂದ ತರಿಸಬೇಕು ಎಂದರು. ಇಷ್ಟನ್ನೂ ಮಾತಾಡಿದ ನಾನು, ಬೀದಿ ಮುಟ್ಟಬಾರದು ಎಂಬ ಒಂದು ಮಾತು ಹೇಳಲಿಲ್ಲ. ಹೊಸ ಚಪ್ಪಲಿ ಹೊಸದಾಗಿಯೇ ಕೈಗೆ ಬರುತ್ತದೆ ಎಂದುಕೊಂಡಿದ್ದೆ.

ಮುಂದಿನ ಸಲ ಹೋದಾಗ ಜೊತೆ ಸಿದ್ಧವಾಗಿತ್ತು. ಕಾಲಿಗೆ ಹಾಕದೆ ಕೈಯಿಂದ ಒತ್ತಿ ನೋಡಿದೆ. ಹೊಸ ರಬ್ಬರು ಇಷ್ಟು ಮೆತ್ತಗಿರುವುದಿಲ್ಲ.

“ಗಟ್ಟಿ ಇತ್ತು ಅಕ್ಕಾರೆ, ನಿಮ್ಮ ನೋಯೋ ಕಾಲಿಗೆ ಕಚ್ಚೀತು ಅಂತ ಇವ್ಳ ಕೈಲಿ ಹಾಕ್ಸಿ ಸಂತೆಗೆ ಕಳ್ಸಿದ್ದೆ” ಎಂದ ಅವನು, ಸಂತೋಷದಿಂದ. “ನಿಮ್ದೂ ಇವ್ಳದೂ ಒಂದೇ ಅಳತೆ. ಈಗ ಬೆಣ್ಣೆ ಆಗದೆ ನೋಡಿ.”

ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ಏನೋ ತಪ್ಪಾಗಿದೆ ಎಂದು ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ನೋಯುವ ಕಾಲಿನವರಿಗೆ ಅವರು ಹೀಗೆ ಮಾಡಿಕೊಡುತ್ತಿದ್ದರಂತೆ, ಬೇರೇನೂ ಕೇಳದೆ. ಚೆನ್ನಾಗಿದೆ ಎಂದು ಹೇಳಿ ತೆಗೆದುಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚಪ್ಪಲಿ ಮಡಿಲಲ್ಲಿತ್ತು. ಒಂದು ರಾತ್ರಿ ಫಾರ್ಮಲಿನ್ನಿನಲ್ಲಿ ಮುಳುಗಿಸಿಟ್ಟರೆ ಕೊರಟಗೆರೆ ಸಂತೆಯ ಯಾವ ರೋಗಾಣುವೂ ಉಳಿಯದು. ನನ್ನ ವಿದ್ಯೆಯ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ಆದರೆ ದೊಡ್ಡಮ್ಮ ರೋಗಾಣುವಿನ ಮಾತಾಡಿರಲಿಲ್ಲ. ಮರುದಿನ ಹೊಸ ಕಂತಿನ ಚಿಟ್ಟೆ ಹೊರಬರುವುದಿತ್ತು. ಇನ್ನೊಂದು ಜೊತೆ ಆಗಬೇಕಾದರೆ ಸಿರಾದಿಂದ ಟ್ಯೂಬು ಬರಬೇಕು, ನಾನು ಮತ್ತೆ ಕೊರಟಗೆರೆಗೆ ಹೋಗಬೇಕು. ಅಷ್ಟರಲ್ಲಿ ಈ ಕಂತು ಮುಗಿದೇ ಹೋಗುತ್ತದೆ. ಬರಿಗಾಲಲ್ಲಿ ಈ ಕಂತು ದಾಟುವುದು ನನ್ನಿಂದ ಆಗುತ್ತದೋ ಇಲ್ಲವೋ ನನಗೆ ನಿಜವಾಗಿ ಗೊತ್ತಿರಲಿಲ್ಲ. ಮಧುಗಿರಿಯ ಬೆಟ್ಟ ಕಾಣಿಸುವವರೆಗೂ, ಯಾರಿಗೂ ಹೇಳದೆ ಕೋಠಿಯೊಳಗೆ ಹಾಕಿಕೊಂಡುಬಿಡುತ್ತೇನೆ ಎಂದೇ ಇದ್ದೆ. ಬಸ್ಸಿಳಿದು ಬಲಗಾಲು ಊರಿದಾಗ ನೋವಿಗೆ ಕಣ್ಣು ಕತ್ತಲಿಟ್ಟಿತು. ಅಲ್ಲೇ ಕಟ್ಟೆಯ ಮೇಲೆ ಕೂತು ಹೊಸ ಜೊತೆಯನ್ನು ಕಾಲಿಗೆ ಹಾಕಿ ಬಕಲ್ ಬಿಗಿದೆ. ನಾನಿದ್ದ ಬಾಡಿಗೆ ಮನೆಯವರೆಗೂ ಬೀದಿಯಲ್ಲೇ ನಡೆದೆ. ಇನ್ನು ಅದನ್ನು ಒಳಗೆ ಒಯ್ಯುವ ಯೋಚನೆಗೆ ದಾರಿ ಉಳಿಯಲಿಲ್ಲ. ಕಾಲಿಗೆ ಎಷ್ಟು ಹಿತವಾಗಿತ್ತೆಂದರೆ ಅಳು ಬಂತು.

ಬೆಳಿಗ್ಗೆ ಹೊಸಿಲ ಆಚೆ ಬಿಟ್ಟೆ.

“ಇವೇನಾ?” ಎಂದಳು ದೊಡ್ಡಮ್ಮ.

“ಇವೇ. ಬೀದಿ ಮುಟ್ಟಿವೆ. ನಾನು ತರೋ ಮೊದಲೇ ಮುಟ್ಟಿದ್ವು.”

“ಯಾರ್ ಹಾಕ್ಕಂಡಿದ್ರು?”

“ಮೆತ್ತಗಾಗಲಿ ಅಂತ ಒಬ್ಬರು ಹಾಕ್ಕೊಂಡಿದ್ದರು. ಒಳ್ಳೇದಕ್ಕೇ ಮಾಡಿದ್ದು.” ಹೆಚ್ಚು ಹೇಳಲು ನನಗೆ ಇಷ್ಟವಿರಲಿಲ್ಲ. ಬೀದಿಯ ಮಾತು ಬೀದಿಯಲ್ಲೇ ನಿಲ್ಲಲಿ, ಜಾತಿಗೆ ತಿರುಗುವುದು ಬೇಡ.

“ಸುಮ್ಕೆ ತಂದು ಒಳಗಿಕ್ಬುಟ್ಟಿದ್ರೆ ನಂಗೇನ್ ಗೊತ್ತಾಯ್ತಿತ್ತಾ?”

“ಇಲ್ಲ.”

“ಪಿಚ್ಚಿ ಮೇಡಂ” ಎಂದಳು ಪಾವಗಡದ ಹುಡುಗಿ, ಹುಚ್ಚಿ ಎಂದು. ದೊಡ್ಡಮ್ಮ ಒಳಗೆ ಹೋದಳು.

ಆ ಕಂತಿನ ಬಗ್ಗೆ ಹೆಚ್ಚು ಬರೆಯಲಾರೆ. ಬೇರೆ ಬೇರೆ ದಿನಗಳಾಗಿ ನನಗದು ನೆನಪಿಲ್ಲ. ಒಂದೇ ಉದ್ದನೆಯ ಮಧ್ಯಾಹ್ನ. ಹೆಣ್ಣು ಚಿಟ್ಟೆಗಳನ್ನು ಹಾಳೆಯ ಮೇಲಿಡುವಾಗ ಕಾಲಿನ ಭಾರ ಇಳಿಸಲು ಮೊಣಕೈಯನ್ನು ಮೇಜಿಗೆ ಆನಿಸುತ್ತಿದ್ದೆ. ಎರಡನೆಯ ದಿನ ದೊಡ್ಡಮ್ಮ ತಾನು ಮನೆಯಲ್ಲಿ ಕೂರುವ ಮಣೆಯನ್ನು ತಲೆಯ ಮೇಲಿಟ್ಟು ತಂದಳು. ಫಾರ್ಮಲಿನ್ನಿನಲ್ಲಿ ಉಜ್ಜಿ ತೊಳೆದು ನನ್ನ ಮೇಜಿನ ಕೆಳಗೆ ಜಾರಿಸಿದಳು.

“ನಿಂತ್ಕಳಿ. ಮಣೆ ಎಕ್ಕಡ ಅಲ್ಲ, ಗೋಣಿನೂ ಅಲ್ಲ. ನಿಮ್ದೂ ಕೆಡಾಕಿಲ್ಲ, ನಮ್ದೂ ಕೆಡಾಕಿಲ್ಲ.”

ಮಣೆ ಒಂದೇ ಕಡೆ ಇರುತ್ತದೆ, ಕೆಲಸ ಕೋಣೆ ತುಂಬ ಇರುತ್ತದೆ. ಆದರೂ ಮೇಜಿನ ಬಳಿ ನಿಂತಷ್ಟು ಹೊತ್ತು ತಣ್ಣನೆಯ ಕಲ್ಲು ತಾಗುತ್ತಿರಲಿಲ್ಲ. ಕಂತು ಮುಗಿಯಿತು. ಯಜಮಾನರು ನಾನು ಕುಂಟುವುದನ್ನು ನೋಡಿಯೂ ನೋಡದವರಂತೆ, “ಮುಂದಿನದಕ್ಕೂ ಇರ್ತೀರಲ್ಲಾ?” ಎಂದರು. “ಇರ್ತೀನಿ” ಎಂದೆ. ಯಾವ ಧೈರ್ಯದ ಮೇಲೆ ಎಂದು ನನಗೇ ತಿಳಿದಿರಲಿಲ್ಲ.

ಎರಡನೆಯ ಜೊತೆಗೆ ಹೇಳುವಾಗ ಬೇವಿನ ಮರದಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಗಂಡ ತಲೆ ಕೆರೆದುಕೊಂಡ. ಹೆಂಡತಿ, “ಅವತ್ತು ನಿಮ್ಮ ಮೊಕ ಅದಕ್ಕೇ ಅಂಗಾಗಿತ್ತಾ” ಎಂದಳು. ಈ ಸಲದ್ದು ಬಿಳಿ ಬಟ್ಟೆಯಲ್ಲಿ ಸುತ್ತಿ ಬಂತು. ಬಾಗಿಲಲ್ಲಿ ಬಿಚ್ಚಿ ದೊಡ್ಡಮ್ಮನ ಕೈಗೆ ಕೊಟ್ಟೆ. ಅವಳು ತಿರುಗಿಸಿ ಅಟ್ಟೆ ನೋಡಲಿಲ್ಲ. ನೇರವಾಗಿ ಹೊಸಿಲ ಬಳಿಯ ತೊಟ್ಟಿಯ ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಒಳಗೆ ನನ್ನ ಮುಂದಿಟ್ಟಳು.

“ಹಾಕ್ಕಳಿ.”

ಗಟ್ಟಿಯಾಗಿತ್ತು. ಮೊದಲ ವಾರ ಕಿರುಬೆರಳನ್ನು ಚೆನ್ನಾಗಿ ಕಚ್ಚಿತು. ಆದರೆ ಕುಗ್ಗಲಿಲ್ಲ, ಜಾರಲಿಲ್ಲ, ಪುಡಿ ಎರಚಲಿಲ್ಲ. ಹಿಮ್ಮಡಿಯ ನೋವು ಒಂದೇ ಸಲ ಹೋಗಲಿಲ್ಲ. ಸಂಜೆಯದು ಮೊದಲು ಮೀನಖಂಡದಿಂದ ಇಳಿಯಿತು, ಆಮೇಲೆ ಮಧ್ಯಾಹ್ನದ್ದು ತಡವಾಗತೊಡಗಿತು. ಒಂದು ದಿನ ಕೆಲಸದ ನಡುವೆ ದೊಡ್ಡಮ್ಮ ಬಂದು ನನ್ನ ಪಾದದ ಪಕ್ಕ ತನ್ನ ಪಾದ ಇಟ್ಟು ನೋಡಿದಳು.

“ನಂದು ಅಗ್ಲ. ಬಿರುಕಿಗೆ ಪಟ್ಟಿ ತಾಗ್ದಂಗೆ ಹೊಲೀಬೇಕು. ಅವ್ರನ್ನ ಇಲ್ಲಿಗೇ ಬರಾಕೇಳಿ, ಇವ್ರೆಲ್ರದೂ ಅಳತೆ ತಗೊಳ್ಲಿ.”

ಯಜಮಾನರು ಒಪ್ಪಿದರು. ಕೊರಟಗೆರೆಯಿಂದ ಹೆಂಡತಿ ಒಬ್ಬಳೇ ಬಸ್ಸಿನಲ್ಲಿ ಬಂದಳು, ಬರಿಗಾಲಲ್ಲಿ. ಹಾಳೆ, ಪೆನ್ಸಿಲ್ಲು ಹಿಡಿದು ಅಂಗಳದಲ್ಲೇ ನಿಂತಳು. ಹೊಸಿಲ ಕಡೆ ಹೆಜ್ಜೆ ಹಾಕಲಿಲ್ಲ.

“ಅಲ್ಲಿಂದ ನನ್ನ ಕಾಲು ಕಾಣ್ತದಾ ನಿಂಗೆ?” ಎಂದಳು ದೊಡ್ಡಮ್ಮ ಒಳಗಿನಿಂದ.

“ನಾ ಇಲ್ಲೇ ಇರ್ತೀನಿ ಕಣಮ್ಮ. ನೀವೇ ಬನ್ನಿ.”

“ಎಲ್ರೂ ಮಾಡ್ದಂಗೆ ಕಾಲು ತೊಳ್ಕಂಡು, ಆ ತೊಟ್ಟೀಲಿ ಅದ್ಕಂಡು ಬಾ. ಇಲ್ಲಿರೋದು ಅದೊಂದೇ ಕಾನೂನು.”

ಅವಳು ನನ್ನ ಮುಖ ನೋಡಿದಳು. ನಾನು ನೀರಿನ ತಂಬಿಗೆ ಕೊಟ್ಟೆ. ಅವಳು ಒಳಗೆ ಬಂದು ಕಲ್ಲಿನ ಮೇಲೆ ಕೂತು ಒಬ್ಬೊಬ್ಬರ ಪಾದವನ್ನೂ ಹಾಳೆಯ ಮೇಲಿಡಿಸಿ ಗೆರೆ ಎಳೆದಳು. ದೊಡ್ಡಮ್ಮನ ಬಿರುಕುಗಳ ಹತ್ತಿರ ಪೆನ್ಸಿಲ್ಲನ್ನು ದೂರ ಒಯ್ದಳು. ಪಾವಗಡದ ಹುಡುಗಿ ಕಚಗುಳಿಯೆಂದು ಕುಣಿದು ಎರಡು ಹಾಳೆ ಕೆಡಿಸಿದಳು.

ಕೆಲಸ ಮುಗಿಸಿ ಅವಳು ಹೊರಗೆ ಹೋದಳು. ಹೊಸಿಲ ಆಚೆ ನಮ್ಮೆಲ್ಲರ ಚಪ್ಪಲಿಗಳಿದ್ದವು, ನಾನು ಬೀದಿಗೆ ಹಾಕಿಕೊಂಡು ಬರುತ್ತಿದ್ದ ಆ ಮೊದಲ ಜೊತೆಯೂ. ಅವಳು ಅದರಲ್ಲಿ ಕಾಲು ತೂರಿಸಿ, ಬಗ್ಗಿ ಬಕಲ್ ಹಾಕಿ, ಗೇಟಿನವರೆಗೆ ನಡೆದು, ಅಲ್ಲಿ ನಿಂತುಬಿಟ್ಟಳು.

“ಅಯ್ಯಯ್ಯೋ, ಅವತ್ತು ಹಾಕ್ಕಂಡಿದ್ನಲ್ಲ, ನಂದು ಅನ್ಕಂಡ್ಬುಟ್ಟೆ!”

ದೊಡ್ಡಮ್ಮ ಬಾಗಿಲಿಗೆ ಬಂದು ನೋಡಿದಳು. ಚಪ್ಪಲಿ ನೋಡಿದಳು, ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ಅವಳಿಗೆ ಅರ್ಥವಾಯಿತು.

“ಓ, ನೀನೇನಾ ಅದು? ಹೆಂಗಿತ್ತು?”

“ಏನೇಳ್ಲಿ ಕಣಮ್ಮ. ಸಂತೆಯೆಲ್ಲ ಸುತ್ತಿದ್ರೂ ಕಾಲು ಐತೋ ಇಲ್ವೋ ಅನ್ನಂಗಿತ್ತು. ನಮ್ ಕಾಲಿಗೆ ಅಂತ ನಾವು ಯಾವತ್ತು ಹೊಲ್ಕಂಡಿದ್ದೀವಿ?” ಅವಳು ಬಗ್ಗಿ ಬಕಲ್ ಬಿಚ್ಚತೊಡಗಿದಳು.

“ಇರಲಿ, ಹಾಕ್ಕೊಂಡು ಹೋಗಿ” ಎಂದೆ.

ಅವಳು ಬೇಡವೆಂದಳು, ನಾನು ಇರಲಿ ಎಂದೆ, ಬಸ್ಸಿಗೆ ಹೊತ್ತಾಗುತ್ತಿತ್ತು. ದೊಡ್ಡಮ್ಮ ನಡುವೆ ಕೈಯಾಡಿಸಿ, “ಹೋಗೇ, ಬಸ್ ತಪ್ಪೀತು. ಮೇಡಮ್ಮೋರ ಕಾಲಿಂದು ಒಳಗೈತೆ” ಎಂದಳು.

ಸಂಜೆ ಒಳಗಿನ ಜೊತೆಯನ್ನು ಅದ್ದಿ, ಗೂಟಕ್ಕೆ ತೂಗುಹಾಕಿ, ಬರಿಗಾಲಲ್ಲಿ ಮನೆಗೆ ನಡೆದೆ. ನೆಲ ಇನ್ನೂ ಬೆಚ್ಚಗಿತ್ತು. ಮಣ್ಣಿನ ರಸ್ತೆ ಕಲ್ಲಿನಂತಲ್ಲ, ಸ್ವಲ್ಪ ಬಿಟ್ಟುಕೊಡುತ್ತದೆ.